ಆನ್‌ಲೈನ್ ಮಾರಾಟ ಖಾತೆಯ ಪ್ರವೇಶ ನಿಯಂತ್ರಣ

ಆನ್‌ಲೈನ್ ಮಾರಾಟ ಖಾತೆಯ ಪ್ರವೇಶ ನಿಯಂತ್ರಣ ಎಂದರೆ ಅಮೆಜಾನ್, ಇಬೇ, ಶಾಪಿಫೈ ಮುಂತಾದ ಅಂತರಜಾಲ ಮಾರಾಟ ವೇದಿಕೆಗಳಲ್ಲಿ ವ್ಯಾಪಾರಿಯೊಬ್ಬರು ಹೊಂದಿರುವ ಖಾತೆಯನ್ನು ಅವರ ನೌಕರರು, ಲೆಕ್ಕಿಗರು ಮತ್ತು ಹೊರಗಿನ ಸಂಸ್ಥೆಗಳು ಬಳಸುವಾಗ, ಯಾರು ಯಾವ ಭಾಗವನ್ನು ನೋಡಬಹುದು ಮತ್ತು ಯಾವುದನ್ನು ಬದಲಾಯಿಸಬಹುದು ಎಂಬುದನ್ನು ನಿರ್ಧರಿಸುವ ವ್ಯವಸ್ಥೆ. ಮುಖ್ಯ ಪಾಸ್‌ವರ್ಡನ್ನು ಯಾರಿಗೂ ನೀಡದೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಒದಗಿಸುವುದು, ಆ ಲಾಗಿನ್‌ಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡುವುದು ಹಾಗೂ ಕೆಲಸ ಮುಗಿದೊಡನೆ ಅದನ್ನು ಹಿಂಪಡೆಯುವುದು ಇದರ ಮೂರು ಮುಖ್ಯ ಅಂಶಗಳಾಗಿವೆ.

## ಹಿನ್ನೆಲೆ

ಮಾರಾಟ ಖಾತೆಯು ಸಾಮಾನ್ಯ ಇಮೇಲ್ ಅಥವಾ ಸಾಮಾಜಿಕ ಜಾಲತಾಣದ ಖಾತೆಗಿಂತ ಭಿನ್ನವಾದುದು. ಸರಕಿನ ಪಟ್ಟಿ, ಬೆಲೆ, ದಾಸ್ತಾನು, ಗ್ರಾಹಕರ ಹೆಸರು ಮತ್ತು ವಿಳಾಸ, ತೆರಿಗೆ ವರದಿಗಳು, ಮಾರಾಟದ ಹಣ ಜಮೆಯಾಗುವ ಬ್ಯಾಂಕ್ ಖಾತೆಯ ವಿವರ ಇವೆಲ್ಲವೂ ಒಂದೇ ಸ್ಥಳದಲ್ಲಿರುತ್ತವೆ. ವರ್ಷಗಳಿಂದ ಗಳಿಸಿದ ಗ್ರಾಹಕರ ವಿಮರ್ಶೆಗಳು ಮತ್ತು ಶ್ರೇಯಾಂಕವೂ ಆ ಖಾತೆಗೇ ಅಂಟಿಕೊಂಡಿರುತ್ತವೆ. ಖಾತೆ ಕೈತಪ್ಪಿದರೆ ಅಥವಾ ವೇದಿಕೆಯು ಅದನ್ನು ಸ್ಥಗಿತಗೊಳಿಸಿದರೆ ವ್ಯಾಪಾರವೇ ನಿಂತುಹೋಗುವ ಸಂಭವವಿರುತ್ತದೆ.

ವ್ಯಾಪಾರ ಚಿಕ್ಕದಾಗಿರುವಾಗ ಮಾಲೀಕರೊಬ್ಬರೇ ಎಲ್ಲ ಕೆಲಸವನ್ನೂ ಮಾಡುತ್ತಾರೆ. ಆರ್ಡರುಗಳು ಹೆಚ್ಚಿದಂತೆ ಪ್ಯಾಕಿಂಗ್, ಸರಕಿನ ವಿವರಣೆ, ಗ್ರಾಹಕರಿಗೆ ಉತ್ತರ, ಜಾಹೀರಾತು, ಲೆಕ್ಕಪತ್ರ ಎಂದು ಕೆಲಸ ಹಂಚಿಹೋಗುತ್ತದೆ. ಈ ಹಂತದಲ್ಲಿ ಮಾಲೀಕರು ತಮ್ಮ ಪಾಸ್‌ವರ್ಡನ್ನೇ ನೌಕರರಿಗೆ ತಿಳಿಸಿಬಿಡುವುದು ಸುಲಭದ ದಾರಿ. ಮುಂದಿನ ಬಹುಪಾಲು ತೊಂದರೆಗಳಿಗೆ ಇದೇ ಮೂಲವಾಗುತ್ತದೆ.

## ಪಾಸ್‌ವರ್ಡ್ ಹಂಚಿಕೆಯ ಅಪಾಯಗಳು

ಒಂದೇ ಪಾಸ್‌ವರ್ಡನ್ನು ಹಲವರು ಬಳಸಿದಾಗ ವೇದಿಕೆಯ ದಾಖಲೆಯಲ್ಲಿ ಎಲ್ಲ ಕೆಲಸವೂ ಮಾಲೀಕರ ಹೆಸರಿನಲ್ಲಿಯೇ ನಮೂದಾಗುತ್ತದೆ. ಬೆಲೆಯೊಂದು ತಪ್ಪಾಗಿ ಬದಲಾಗಿದ್ದರೆ ಅಥವಾ ಅನಗತ್ಯವಾಗಿ ಹಣ ಮರುಪಾವತಿಯಾಗಿದ್ದರೆ ಅದನ್ನು ಮಾಡಿದವರು ಯಾರೆಂದು ಗುರುತಿಸಲಾಗದು. ಇದರಿಂದ ತಪ್ಪು ಮಾಡದ ನೌಕರರೂ ಸಂಶಯಕ್ಕೆ ಗುರಿಯಾಗುತ್ತಾರೆ. ಪ್ರತ್ಯೇಕ ಲಾಗಿನ್ ವ್ಯವಸ್ಥೆಯು ಮಾಲೀಕರಿಗೆ ರಕ್ಷಣೆ ನೀಡುವಂತೆಯೇ ಪ್ರಾಮಾಣಿಕ ನೌಕರರಿಗೂ ರಕ್ಷಣೆ ನೀಡುತ್ತದೆ.

ಎರಡನೆಯದಾಗಿ, ಮುಖ್ಯ ಪಾಸ್‌ವರ್ಡ್ ತಿಳಿದವರಿಗೆ ಎಲ್ಲ ಅಧಿಕಾರವೂ ದೊರೆಯುತ್ತದೆ. ವಿಳಾಸದ ಚೀಟಿ ಮುದ್ರಿಸಲು ಮಾತ್ರ ಪ್ರವೇಶ ಬೇಕಿದ್ದವರಿಗೆ ಬ್ಯಾಂಕ್ ವಿವರವನ್ನು ಬದಲಾಯಿಸುವ ಅವಕಾಶವೂ ಸಿಗುತ್ತದೆ. ಮೂರನೆಯದಾಗಿ, ಒಬ್ಬರು ಕೆಲಸ ಬಿಟ್ಟಾಗ ಪಾಸ್‌ವರ್ಡನ್ನು ಬದಲಾಯಿಸಿ ಉಳಿದ ಎಲ್ಲರಿಗೂ ಹೊಸದಾಗಿ ತಿಳಿಸಬೇಕಾಗುತ್ತದೆ. ಈ ತೊಡಕಿನಿಂದಾಗಿ ಹಳೆಯ ಪಾಸ್‌ವರ್ಡ್ ಹಾಗೆಯೇ ಮುಂದುವರಿಯುವ ಸಾಧ್ಯತೆ ಹೆಚ್ಚು.

ಹೊರಗಿನವರು ಖಾತೆಗೆ ನುಗ್ಗಿ ಹಣವನ್ನು ಬೇರೆಡೆಗೆ ತಿರುಗಿಸಿದ ಪ್ರಕರಣಗಳು ದಾಖಲಾಗಿವೆ. 2017ರ ಏಪ್ರಿಲ್‌ನಲ್ಲಿ, ಬೇರೆ ಜಾಲತಾಣಗಳಿಂದ ಸೋರಿಕೆಯಾದ ಪಾಸ್‌ವರ್ಡ್‌ಗಳನ್ನು ಬಳಸಿ ಅಮೆಜಾನ್‌ನ ಮಾರಾಟಗಾರರ ಖಾತೆಗಳನ್ನು ವಶಪಡಿಸಿಕೊಂಡು, ಅವುಗಳ ಬ್ಯಾಂಕ್ ವಿವರಗಳನ್ನು ಬದಲಾಯಿಸಲಾಗಿದೆ ಎಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವರದಿ ಮಾಡಿತು. 2018ರ ಮೇ ಮತ್ತು ಅಕ್ಟೋಬರ್ ತಿಂಗಳುಗಳ ನಡುವೆ ಸುಮಾರು 100 ಮಾರಾಟಗಾರರ ಖಾತೆಗಳಿಗೆ ಇದೇ ಬಗೆಯ ವಂಚನೆ ನಡೆದಿತ್ತೆಂದು ಅಮೆಜಾನ್ ಬ್ರಿಟನ್ನಿನ ನ್ಯಾಯಾಲಯಕ್ಕೆ ತಿಳಿಸಿದ್ದು 2019ರಲ್ಲಿ ಬೆಳಕಿಗೆ ಬಂದಿತು. ಹಲವರ ಫೋನು ಮತ್ತು ಕಂಪ್ಯೂಟರುಗಳಲ್ಲಿ ಉಳಿದಿರುವ ಪಾಸ್‌ವರ್ಡ್, ಒಬ್ಬರೇ ಬಳಸುವ ಪಾಸ್‌ವರ್ಡಿಗಿಂತ ಇಂತಹ ಕಳವಿಗೆ ಸುಲಭವಾಗಿ ಸಿಲುಕುತ್ತದೆ.

## ಕನಿಷ್ಠ ಅಧಿಕಾರದ ತತ್ತ್ವ

ಪ್ರವೇಶ ನಿಯಂತ್ರಣಕ್ಕೆ ಆಧಾರವಾಗಿರುವುದು ಕನಿಷ್ಠ ಅಧಿಕಾರದ ತತ್ತ್ವ. ಒಂದು ವ್ಯವಸ್ಥೆಯ ಪ್ರತಿಯೊಬ್ಬ ಬಳಕೆದಾರ ಮತ್ತು ಪ್ರತಿಯೊಂದು ಪ್ರೋಗ್ರಾಂ ತನ್ನ ಕೆಲಸಕ್ಕೆ ಅಗತ್ಯವಾದ ಅತಿ ಕಡಿಮೆ ಅಧಿಕಾರದಿಂದಲೇ ಕಾರ್ಯ ನಿರ್ವಹಿಸಬೇಕು ಎಂಬುದು ಇದರ ಸಾರ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದ, ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಮಾಹಿತಿಯ ರಕ್ಷಣೆ ಕುರಿತ ಪ್ರಬಂಧದಲ್ಲಿ ಪಟ್ಟಿ ಮಾಡಿದ ಎಂಟು ವಿನ್ಯಾಸ ತತ್ತ್ವಗಳಲ್ಲಿ ಇದೂ ಒಂದು. ಅಪಘಾತದಿಂದಾಗಲಿ ದುರುದ್ದೇಶದಿಂದಾಗಲಿ ಆಗುವ ಹಾನಿಯನ್ನು ಇದು ಒಂದು ಮಿತಿಯೊಳಗೆ ಇಡುತ್ತದೆ.

ಇದಕ್ಕೆ ಹತ್ತಿರವಾದ ಇನ್ನೊಂದು ತತ್ತ್ವ ಕರ್ತವ್ಯಗಳ ವಿಭಜನೆ. ಲೆಕ್ಕಪತ್ರದ ಕ್ಷೇತ್ರದಲ್ಲಿ ಇದು ಬಹಳ ಹಿಂದಿನಿಂದಲೂ ರೂಢಿಯಲ್ಲಿದೆ: ಹಣ ಪಡೆಯುವವರು ಮತ್ತು ಲೆಕ್ಕ ಬರೆಯುವವರು ಒಬ್ಬರೇ ಆಗಿರಬಾರದು. ಮಾರಾಟ ಖಾತೆಯಲ್ಲಿ, ಸರಕು ಹಿಂದಿರುಗಿ ಬಂದಿದೆಯೆಂದು ದಾಖಲಿಸುವವರು ಮತ್ತು ಹಣ ಮರುಪಾವತಿಯನ್ನು ಮಂಜೂರು ಮಾಡುವವರು ಬೇರೆ ಬೇರೆಯಾಗಿರುವುದು ಇದಕ್ಕೆ ಉದಾಹರಣೆ.

## ವೇದಿಕೆಗಳಲ್ಲಿನ ವ್ಯವಸ್ಥೆ

* ಅಮೆಜಾನ್: ಸೆಲ್ಲರ್ ಸೆಂಟ್ರಲ್ ಜಾಲತಾಣದ ಬಳಕೆದಾರರ ಅನುಮತಿ ವಿಭಾಗದಿಂದ ಮುಖ್ಯ ಖಾತೆದಾರರು ನೌಕರರ ಇಮೇಲ್ ವಿಳಾಸಕ್ಕೆ ಆಹ್ವಾನ ಕಳುಹಿಸುತ್ತಾರೆ. ನೌಕರರು ತಮ್ಮದೇ ಲಾಗಿನ್ ಬಳಸಿ ಪ್ರವೇಶಿಸುತ್ತಾರೆ. ದಾಸ್ತಾನು, ಆರ್ಡರ್, ಜಾಹೀರಾತು, ವರದಿ ಮುಂತಾದ ವಿಭಾಗಗಳಿಗೆ ಅನುಮತಿಯನ್ನು ಪ್ರತ್ಯೇಕವಾಗಿ ನಿಗದಿಪಡಿಸಬಹುದು.
* ಇಬೇ: ಖಾತೆದಾರರು ಇತರರನ್ನು ಆಹ್ವಾನಿಸಿ ಆಯ್ದ ಕೆಲಸಗಳನ್ನು ಮಾತ್ರ ವಹಿಸಬಹುದು. ಸರಕಿನ ವಿವರದ ಕರಡನ್ನು ಸಿದ್ಧಪಡಿಸುವ ಅನುಮತಿ ಮತ್ತು ಅದನ್ನು ಪ್ರಕಟಿಸುವ ಅನುಮತಿ ಇಲ್ಲಿ ಬೇರೆ ಬೇರೆಯಾಗಿವೆ. ಹೀಗಾಗಿ ಹೊಸಬರು ಬರೆದುದನ್ನು ಅನುಭವಿಗಳು ಪರಿಶೀಲಿಸಿದ ಬಳಿಕ ಪ್ರಕಟಿಸಲು ಸಾಧ್ಯ.
* ಶಾಪಿಫೈ: ಅಂಗಡಿಯ ಸ್ವಂತ ಸಿಬ್ಬಂದಿಗೆ ಒಂದು ಬಗೆಯ ಖಾತೆ, ವಿನ್ಯಾಸಕರು ಮತ್ತು ಜಾಹೀರಾತು ಏಜೆನ್ಸಿಗಳಂತಹ ಹೊರಗಿನವರಿಗೆ ಸಹಯೋಗಿ ಖಾತೆ ಎಂಬ ಇನ್ನೊಂದು ಬಗೆ ಇದೆ.

ದಾಸ್ತಾನು ನಿರ್ವಹಣೆ, ಬಿಲ್ ತಯಾರಿಕೆ ಮುಂತಾದವುಗಳಿಗೆ ಬಳಸುವ ಹೊರಗಿನ ತಂತ್ರಾಂಶಗಳಿಗೂ ಪಾಸ್‌ವರ್ಡ್ ನೀಡಬೇಕಾಗಿಲ್ಲ. 2012ರಲ್ಲಿ ಪ್ರಕಟವಾದ ಓಆತ್ 2.0 ಮಾನದಂಡವನ್ನು ಅನುಸರಿಸುವ ವೇದಿಕೆಗಳಲ್ಲಿ, ಖಾತೆದಾರರು ವೇದಿಕೆಯ ಪುಟದಲ್ಲಿಯೇ ಒಪ್ಪಿಗೆ ನೀಡಿದರೆ ಆ ತಂತ್ರಾಂಶಕ್ಕೆ ಸೀಮಿತ ಅಧಿಕಾರದ ಟೋಕನ್ ದೊರೆಯುತ್ತದೆ. ಈ ಒಪ್ಪಿಗೆಯನ್ನು ಪಾಸ್‌ವರ್ಡ್ ಬದಲಾಯಿಸದೆಯೇ ರದ್ದುಪಡಿಸಬಹುದು.

## ಕೆಲಸಕ್ಕೆ ತಕ್ಕ ಅನುಮತಿ

ಅನುಮತಿಯನ್ನು ವ್ಯಕ್ತಿಯ ಮೇಲಿನ ವಿಶ್ವಾಸದ ಆಧಾರದಲ್ಲಿ ನೀಡುವುದಕ್ಕಿಂತ ಕೆಲಸದ ಆಧಾರದಲ್ಲಿ ನೀಡುವುದು ಸೂಕ್ತ. ಸಾಮಾನ್ಯ ಹಂಚಿಕೆಯೊಂದು ಈ ಕೆಳಗಿನಂತಿರುತ್ತದೆ:

* ಪ್ಯಾಕಿಂಗ್ ಸಿಬ್ಬಂದಿ: ಆರ್ಡರುಗಳನ್ನು ನೋಡುವುದು, ವಿಳಾಸದ ಚೀಟಿ ಮುದ್ರಿಸುವುದು. ಬೆಲೆ ಅಥವಾ ಹಣದ ವಿಭಾಗ ಬೇಕಿಲ್ಲ.
* ಸರಕಿನ ವಿವರ ಬರೆಯುವವರು: ಚಿತ್ರ ಮತ್ತು ವಿವರಣೆಯ ತಿದ್ದುಪಡಿ. ಗ್ರಾಹಕರ ವಿಳಾಸ ಬೇಕಿಲ್ಲ.
* ಗ್ರಾಹಕ ಸೇವೆಯವರು: ಸಂದೇಶಗಳಿಗೆ ಉತ್ತರ. ಮರುಪಾವತಿಯ ಅಧಿಕಾರ ಅಗತ್ಯವಿದ್ದರೆ ಮಾತ್ರ.
* ಲೆಕ್ಕಿಗರು: ಪಾವತಿ ಮತ್ತು ಜಿಎಸ್‌ಟಿ ವರದಿಗಳನ್ನು ನೋಡುವ ಅನುಮತಿ. ಬದಲಾಯಿಸುವ ಅನುಮತಿ ಬೇಕಿಲ್ಲ.
* ಜಾಹೀರಾತು ಏಜೆನ್ಸಿ: ಜಾಹೀರಾತು ವಿಭಾಗ ಮಾತ್ರ.
* ಮಾಲೀಕರು: ಬ್ಯಾಂಕ್ ವಿವರ, ತೆರಿಗೆ ನೋಂದಣಿಯ ವಿವರ, ಹೊಸ ಬಳಕೆದಾರರ ಸೇರ್ಪಡೆ ಮತ್ತು ಖಾತೆಯ ಮುಚ್ಚುವಿಕೆ.

ಈ ಪಟ್ಟಿಯಲ್ಲಿ ಹೊಸ ಬಳಕೆದಾರರನ್ನು ಸೇರಿಸುವ ಅಧಿಕಾರವು ವಿಶೇಷ ಮಹತ್ವದ್ದು. ಅದನ್ನು ಪಡೆದವರು ತಮಗೆ ಬೇಕಾದ ಉಳಿದ ಅನುಮತಿಗಳನ್ನು ಬೇರೊಂದು ಹೆಸರಿನಲ್ಲಿ ಪಡೆದುಕೊಳ್ಳಬಲ್ಲರು.

## ಇಮೇಲ್, ಮೊಬೈಲ್ ಸಂಖ್ಯೆ ಮತ್ತು ಎರಡು ಹಂತದ ದೃಢೀಕರಣ

ಪಾಸ್‌ವರ್ಡ್ ಮರೆತಾಗ ಅದನ್ನು ಹೊಸದಾಗಿ ರೂಪಿಸುವ ಕೊಂಡಿಯು ನೋಂದಾಯಿತ ಇಮೇಲ್‌ಗೆ ಬರುತ್ತದೆ. ಆದುದರಿಂದ ಆ ಇಮೇಲ್ ಯಾರ ವಶದಲ್ಲಿದೆಯೋ ಖಾತೆಯೂ ಅವರ ವಶವಾಗಬಲ್ಲುದು. ಖಾತೆ ತೆರೆಯುವಾಗ ನೌಕರರ ಅಥವಾ ಏಜೆನ್ಸಿಯ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ನೀಡಿದ್ದರೆ, ಸಂಬಂಧ ಕೆಟ್ಟಾಗ ಮಾಲೀಕರೇ ತಮ್ಮ ಖಾತೆಯಿಂದ ಹೊರಗುಳಿಯುವ ಸ್ಥಿತಿ ಒದಗಬಹುದು. ಇವೆರಡೂ ಮಾಲೀಕರ ಹೆಸರಿನಲ್ಲಿ, ಅವರ ಕೈಯಲ್ಲಿಯೇ ಇರಬೇಕಾದುದು ಪ್ರವೇಶ ನಿಯಂತ್ರಣದ ಮೊದಲ ಹೆಜ್ಜೆ.

ಎರಡು ಹಂತದ ದೃಢೀಕರಣದಲ್ಲಿ ಪಾಸ್‌ವರ್ಡಿನ ಜೊತೆಗೆ ಒಂದು ಬಾರಿ ಮಾತ್ರ ಬಳಸಬಹುದಾದ ಸಂಖ್ಯೆ, ಅಂದರೆ ಒಟಿಪಿ, ಬೇಕಾಗುತ್ತದೆ. ಅಮೆಜಾನ್ ತನ್ನ ಮಾರಾಟಗಾರರಿಗೆ ಇದನ್ನು ಕಡ್ಡಾಯಗೊಳಿಸಿದೆ. ಲಾಗಿನ್ ಹಂಚಿಕೊಂಡಿರುವಲ್ಲಿ ಮಾಲೀಕರು ತಮಗೆ ಬಂದ ಒಟಿಪಿಯನ್ನು ದೂರವಾಣಿಯಲ್ಲಿ ಅಥವಾ ವಾಟ್ಸ್‌ಆಪ್‌ನಲ್ಲಿ ನೌಕರರಿಗೆ ತಿಳಿಸಬೇಕಾಗುತ್ತದೆ. ಒಟಿಪಿ ಕೇಳಿದಾಗ ಹೇಳಿಬಿಡುವ ಈ ಅಭ್ಯಾಸವನ್ನೇ ವಂಚಕರು ಬಳಸಿಕೊಳ್ಳುತ್ತಾರೆ. ಪ್ರತ್ಯೇಕ ಲಾಗಿನ್ ಇದ್ದಲ್ಲಿ ಪ್ರತಿಯೊಬ್ಬರ ಒಟಿಪಿಯೂ ಅವರವರ ಫೋನಿಗೇ ಬರುವುದರಿಂದ ಈ ಪ್ರಶ್ನೆ ಉದ್ಭವಿಸುವುದಿಲ್ಲ.

ಎಸ್‌ಎಂಎಸ್ ಬದಲು ದೃಢೀಕರಣ ಆಪ್ ಬಳಸುವುದು ಹೆಚ್ಚು ಸುರಕ್ಷಿತ. ಇಂತಹ ಆಪ್‌ಗಳು 2011ರಲ್ಲಿ ಪ್ರಕಟವಾದ ಮಾನದಂಡವೊಂದರಂತೆ ಸಾಮಾನ್ಯವಾಗಿ ಪ್ರತಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆಯನ್ನು ಫೋನಿನಲ್ಲಿಯೇ ರಚಿಸುತ್ತವೆ. ವಂಚಕರು ಬೇರೊಬ್ಬರ ಮೊಬೈಲ್ ಸಂಖ್ಯೆಗೆ ನಕಲಿ ಸಿಮ್ ಪಡೆದರೂ ಈ ಸಂಖ್ಯೆ ಅವರಿಗೆ ಸಿಗುವುದಿಲ್ಲ.

## ನೌಕರರು ಕೆಲಸ ಬಿಟ್ಟಾಗ

ಕೆಲಸದ ಕೊನೆಯ ದಿನವೇ ಆ ನೌಕರರ ಲಾಗಿನ್ ತೆಗೆದುಹಾಕುವುದು ಉತ್ತಮ ಪದ್ಧತಿ. ಜೊತೆಗೆ ಅವರು ಸಂಪರ್ಕಿಸಿದ್ದ ತಂತ್ರಾಂಶಗಳು, ಅವರ ಫೋನಿನಲ್ಲಿ ಉಳಿದಿರುವ ಲಾಗಿನ್‌ಗಳು, ಕೊರಿಯರ್ ಮತ್ತು ಪಾವತಿ ಸಂಸ್ಥೆಗಳ ಜಾಲತಾಣಗಳಲ್ಲಿನ ಪ್ರವೇಶ ಇವುಗಳನ್ನೂ ಪರಿಶೀಲಿಸಬೇಕಾಗುತ್ತದೆ. ಬಳಕೆದಾರರ ಪಟ್ಟಿಯನ್ನು ಕೆಲವು ತಿಂಗಳಿಗೊಮ್ಮೆ ನೋಡಿದರೆ ಕೆಲಸ ಮುಗಿದರೂ ಉಳಿದುಬಿಟ್ಟ ಲಾಗಿನ್‌ಗಳು ಗಮನಕ್ಕೆ ಬರುತ್ತವೆ. ಇದನ್ನು ಎಲ್ಲರಿಗೂ ಅನ್ವಯಿಸುವ ನಿಯಮವಾಗಿ ಮೊದಲೇ ತಿಳಿಸಿದ್ದರೆ, ಬಿಡುಗಡೆಯ ಸಮಯದಲ್ಲಿ ಅದು ಅವಿಶ್ವಾಸದ ಸೂಚನೆಯಾಗಿ ಕಾಣುವುದಿಲ್ಲ.

## ಭಾರತದಲ್ಲಿ ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ವಿಧಿಯು ಮಾಲೀಕರ ಅಥವಾ ಉಸ್ತುವಾರಿ ಹೊಂದಿದವರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದು, ಅದರಿಂದ ಮಾಹಿತಿಯನ್ನು ನಕಲು ಮಾಡಿಕೊಳ್ಳುವುದು ಮುಂತಾದ ಕೃತ್ಯಗಳನ್ನು ಒಳಗೊಂಡಿದೆ. ಇವುಗಳನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ವಿಧಿಯಂತೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬೇರೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು 66ಸಿ ವಿಧಿಯಡಿ ಅಪರಾಧ. ಮಾಲೀಕರೇ ಪಾಸ್‌ವರ್ಡ್ ನೀಡಿದ್ದಲ್ಲಿ, ಅನುಮತಿ ಎಲ್ಲಿಯವರೆಗೆ ಇತ್ತೆಂಬುದು ವಿವಾದಕ್ಕೆ ಎಡೆಮಾಡಿಕೊಡಬಹುದು. ಪ್ರತ್ಯೇಕ ಲಾಗಿನ್‌ಗಳ ದಾಖಲೆಯು ಇಂತಹ ಸಂದರ್ಭದಲ್ಲಿ ಸಾಕ್ಷ್ಯವಾಗಿ ನೆರವಾಗುತ್ತದೆ.

ಗ್ರಾಹಕರ ಹೆಸರು, ವಿಳಾಸ ಮತ್ತು ದೂರವಾಣಿ ಸಂಖ್ಯೆಗಳು ವೈಯಕ್ತಿಕ ದತ್ತಾಂಶಗಳಾಗಿವೆ. 2023ರಲ್ಲಿ ಅಂಗೀಕಾರಗೊಂಡ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂತಹ ದತ್ತಾಂಶವನ್ನು ನಿರ್ವಹಿಸುವವರು ಸಮಂಜಸ ಸುರಕ್ಷತಾ ಕ್ರಮಗಳನ್ನು ಕೈಗೊಳ್ಳಬೇಕೆಂದು ವಿಧಿಸುತ್ತದೆ.

ಹಣ ವಂಚನೆಯಾದಾಗ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡಬಹುದು. ಹಣ ಮುಂದಕ್ಕೆ ವರ್ಗಾವಣೆಯಾಗುವ ಮೊದಲೇ ಅದನ್ನು ತಡೆಹಿಡಿಯಲು ಬೇಗನೆ ದೂರು ನೀಡುವುದು ಮುಖ್ಯ. ಕರ್ನಾಟಕದಲ್ಲಿ ಸೆನ್ ಠಾಣೆಗಳೆಂದು ಕರೆಯಲಾಗುವ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ ಪೊಲೀಸ್ ಠಾಣೆಗಳಲ್ಲಿಯೂ ದೂರು ದಾಖಲಿಸಬಹುದು.

## ಮಿತಿಗಳು

ಅನುಮತಿಗಳ ಹಂಚಿಕೆಯು ಎಲ್ಲ ಅಪಾಯಗಳನ್ನೂ ತಡೆಯಲಾರದು. ಬೆಲೆ ಬದಲಾಯಿಸುವ ಅಧಿಕಾರವುಳ್ಳವರು ತಪ್ಪು ಬೆಲೆಯನ್ನು ನಮೂದಿಸಬಲ್ಲರು. ವಿಳಾಸ ನೋಡಬಲ್ಲವರು ಅದನ್ನು ಕಾಗದದಲ್ಲಿ ಬರೆದುಕೊಳ್ಳಬಲ್ಲರು. ವೇದಿಕೆಯ ಒಳಗಿನವರಿಂದಲೂ ಅಪಾಯ ಒದಗಬಹುದು. 2020ರ ಸೆಪ್ಟೆಂಬರ್‌ನಲ್ಲಿ ಶಾಪಿಫೈ, ತನ್ನ ಸಹಾಯ ವಿಭಾಗದ ಇಬ್ಬರು ಸಿಬ್ಬಂದಿ 200ಕ್ಕಿಂತ ಕಡಿಮೆ ಸಂಖ್ಯೆಯ ವ್ಯಾಪಾರಿಗಳ ಗ್ರಾಹಕರ ವ್ಯವಹಾರ ದಾಖಲೆಗಳನ್ನು ಅಕ್ರಮವಾಗಿ ಪಡೆಯಲು ಯತ್ನಿಸಿದ್ದರೆಂದು ಪ್ರಕಟಿಸಿತು. ಇಂತಹ ಹಾನಿಯನ್ನು ತಡೆಯುವುದು ವ್ಯಾಪಾರಿಗಳ ಕೈಯಲ್ಲಿಲ್ಲ. ತಮ್ಮ ಖಾತೆಯೊಳಗೆ ಯಾರು ಏನು ಮಾಡಿದರೆಂದು ತಿಳಿಯುವಂತೆ ಮಾಡುವುದು ಮತ್ತು ಒಬ್ಬರ ತಪ್ಪಿನಿಂದ ಇಡೀ ಖಾತೆ ಕೈತಪ್ಪದಂತೆ ನೋಡಿಕೊಳ್ಳುವುದು ಮಾತ್ರ ಅವರಿಂದ ಸಾಧ್ಯ.

## ಇದನ್ನೂ ನೋಡಿ

* ವಿದ್ಯುನ್ಮಾನ ವಾಣಿಜ್ಯ
* ಮಾಹಿತಿ ಸುರಕ್ಷತೆ
* ಫಿಶಿಂಗ್
* ಮಾಹಿತಿ ತಂತ್ರಜ್ಞಾನ ಕಾಯ್ದೆ, 2000