ಹೊಸ ನರಕೋಶ ಬೆಳೆದರೆ ನೆನಪು ಮರಳೀತೇ?

ಪ್ರಶ್ನೆ: ಅಮ್ಮಮ್ಮನಿಗೆ ಆಲ್ಝೈಮರ್ಸ್. ಮಿದುಳಲ್ಲಿ ಹೊಸ ಕೋಶ ಬೆಳೆಸಿ ನೆನಪು ತರಬಹುದೇ? (ಓದುಗರು, ಕುಂದಾಪುರ)

ಉತ್ತರ: ಇಲಿಗಳಲ್ಲಿ ಸಾಧ್ಯವಾಗಿದೆ, ಮನುಷ್ಯರಲ್ಲಿ ಇನ್ನೂ ಇಲ್ಲ. ಹೊಸ ನೆನಪು ಕೂಡಿಡುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ಸಿಗೆ ಈ ರೋಗ ಆರಂಭದಲ್ಲೇ ಕೈಹಾಕುತ್ತದೆ. ಅದಕ್ಕೇ ಅಮ್ಮಮ್ಮನಿಗೆ ಬಾಲ್ಯದಲ್ಲಿ ಕಂಡ ಕೋಟೇಶ್ವರದ ಕೊಡಿ ಹಬ್ಬದ ತೇರು ನೆನಪಿದ್ದೀತು, ಬೆಳಿಗ್ಗೆ ಉಂಡ ಗಂಜಿ ಮರೆತೀತು. ರೋಗಿಗಳ ಹಿಪೊಕ್ಯಾಂಪಸ್ಸಿನಲ್ಲಿ ಎಳೆಯ ನರಕೋಶಗಳು ತೀರಾ ಕಡಿಮೆಯೆಂದು 2019ರಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದರು. ಆದರೆ ಕೋಶ ಹುಟ್ಟಿದರಷ್ಟೇ ಸಾಲದು. 2018ರ ಅಮೆರಿಕದ ಪ್ರಯೋಗದಲ್ಲಿ, ಬಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನೂ ಹೆಚ್ಚಿದಾಗಲೇ ಇಲಿಗಳ ನೆನಪು ಸುಧಾರಿಸಿತು. ಚಕ್ರದಲ್ಲಿ ಓಡಿದ ಇಲಿಗಳಿಗೆ ಎರಡೂ ದಕ್ಕಿದವು.

ಹಾಗಾಗಿ ಕೋಶ ಚಿಕಿತ್ಸೆಯ ಜಾಹೀರಾತು ನಂಬಿ ದುಡ್ಡು ಕಟ್ಟಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯೂ ಮರೆವು ತರುತ್ತವೆ, ಅವಕ್ಕೆ ಮದ್ದಿದೆ. ದಯವಿಟ್ಟು ಆ ರಕ್ತಪರೀಕ್ಷೆಗಳಾಗಿವೆಯೇ ಎಂದು ನರರೋಗ ತಜ್ಞರನ್ನು ಕೇಳಿ.