ಒಂದೇ ಹೊಡೆತದ ಅಂತರ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಕುಸ್ತಿಯ ಲೆಕ್ಕ ಗೊತ್ತು: ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಗೆಲುವು. ಗಾಲ್ಫ್ ಆಟದಲ್ಲಿ ಎದುರಾಳಿಯನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಹದಿನೆಂಟು ಕುಳಿಗಳಿಗೆ ಒಂದಾದ ಮೇಲೊಂದರಂತೆ ಚೆಂಡು ಸೇರಿಸಬೇಕು. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ವಿಜಯಿ. ದೊಡ್ಡ ಪಂದ್ಯಗಳಲ್ಲಿ ಈ ಎಣಿಕೆ ನಾಲ್ಕು ದಿನ ನಡೆಯುತ್ತದೆ.

ಆ ಲೆಕ್ಕ ಎಷ್ಟು ಕಠಿಣವೆಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಅವರ ವೃತ್ತಿಜೀವನವೇ ಸಾಕ್ಷಿ. 1998ರಲ್ಲಿ ಜನಿಸಿದ ಅವರು ಐದನೆಯ ವಯಸ್ಸಿಗೇ ಆಟ ಆರಂಭಿಸಿದರು. 2016ರಲ್ಲಿ ವೃತ್ತಿಪರ ಆಟಗಾರ್ತಿಯಾದರು. ಅದೇ ವರ್ಷ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಯುರೋಪಿಯನ್ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳೆನಿಸಿದರು.

2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಇಳಿದಾಗ ಅವರ ವಿಶ್ವ ಶ್ರೇಯಾಂಕ 200. ಕೆಲವು ವಾರಗಳ ಹಿಂದೆ ಕೋವಿಡ್‌ನಿಂದ ಬಳಲಿದ್ದ ಅವರ ಚೆಂಡು ಹೆಚ್ಚು ದೂರ ಹೋಗುತ್ತಿರಲಿಲ್ಲ. ಆ ಕೊರತೆಯನ್ನು ಅವರು ಕುಳಿಯ ಸಮೀಪ ಚೆಂಡನ್ನು ಮೆಲ್ಲನೆ ಉರುಳಿಸುವ 'ಪಟ್' ಹೊಡೆತದಲ್ಲಿ ತುಂಬಿಕೊಂಡರು. ಆಟದ ಚೀಲ ಹೊತ್ತು ಜೊತೆ ನಡೆದವರು ತಾಯಿ. ನಾಲ್ಕು ದಿನಗಳ ಒಟ್ಟು ಹೊಡೆತ 269. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರದು 267. ಬೆಳ್ಳಿ, ಕಂಚು ಪಡೆದ ಇಬ್ಬರದೂ 268. ಒಂದು ಹೊಡೆತ ಹೆಚ್ಚಾದದ್ದರಿಂದ ಅದಿತಿ ನಾಲ್ಕನೆಯವರಾಗಿ ಬರಿಗೈಯಲ್ಲಿ ಮರಳಿದರು.

2023ರ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕೊನೆಯ ದಿನಕ್ಕೆ ಮುನ್ನ ಏಳು ಹೊಡೆತಗಳ ಮುನ್ನಡೆಯಿತ್ತು, ಅದೂ ಕರಗಿತು. ಆದರೂ ದೊರೆತ ಬೆಳ್ಳಿ, ಆ ಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರು ಗಳಿಸಿದ ಮೊದಲ ಪದಕ.