ತಾಮ್ರ ತಂದ ಹುಡುಗ, ತೂಗಿದ ಅಣ್ಣ
ಹೆಗಲಿಗೆ ಚೀಲ ಹಾಕ್ಕೊಂಡು ಚಿಂದಿ ಆಯೋ ಹುಡುಗನಿಗೆ ರಟ್ಟು, ಪ್ಲಾಸ್ಟಿಕ್ ತಂದರೆ ಸಿಗೋದು ಚಿಲ್ಲರೆ ಕಾಸು. ಅದೇ ತಾಮ್ರದ ವೈರು ತಂದರೆ? ಕಿಲೋಗೆ ನೂರಾರು ರೂಪಾಯಿ! ಆದರೆ ತಾಮ್ರ ರಸ್ತೆ ಬದಿ ಬಿದ್ದಿರಲ್ಲ. ಕಟ್ಟುತ್ತಿರೋ ಮನೆಯ ಗೋಡೆಯೊಳಗೆ ಇರುತ್ತೆ. ‘ಎಲ್ಲಿಂದ ತಂದೆಯೋ?’ ಅಂತ ಗುಜರಿ ಅಂಗಡಿಯ ಅಣ್ಣ ಕೇಳಲ್ಲ. ತೂಕ ಹಾಕ್ತಾನೆ, ಅಷ್ಟೇ.

ದುಡಿಯೋ ಮಕ್ಕಳೆಲ್ಲ ಕಳ್ಳರಾಗ್ತಾರೆ ಅನ್ನೋದು ಶುದ್ಧ ತಪ್ಪು. ಬಹುಪಾಲು ಮಕ್ಕಳು ಏನೂ ಮಾಡಿರಲ್ಲ, ಪಾಪ. ಆದರೆ ಶಾಲೆ ಬಿಟ್ಟ ಹುಡುಗನ ದಿನವೆಲ್ಲ ದೊಡ್ಡವರ ಜೊತೆಗೇ. ಬೀಡಿ ಅಲ್ಲೇ, ಮೂಸೋ ಸೊಲ್ಯೂಷನ್ನೂ ಅಲ್ಲೇ. ಕೂಲಿ ಕೊಡದೆ ಸತಾಯಿಸಿದರೆ ಯಾರ ಹತ್ತಿರ ಹೇಳ್ಕೋತಾನೆ?

ಈಗ 2015ರ ಬಾಲನ್ಯಾಯ ಕಾಯ್ದೆ ನೋಡಿ. ಕಾನೂನು ಮೀರಿ ದುಡಿಸಿಕೊಳ್ತಿರೋ ಮಗು ಸಿಕ್ಕರೆ, ಅದು ರಕ್ಷಣೆ ಬೇಕಾದ ಮಗು. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗುತ್ತೆ. ಅದೇ ಮಗು ವೈರು ಕದ್ದು ಸಿಕ್ಕಿಬಿದ್ದರೆ? ಬಾಲನ್ಯಾಯ ಮಂಡಳಿ ಮುಂದೆ. ಮಗು ಒಂದೇ, ಬಾಗಿಲು ಎರಡು. ಯಾವ ಬಾಗಿಲು ಅನ್ನೋದು ಎಷ್ಟೋ ಸಲ, ಪೊಲೀಸರ ಕಣ್ಣಿಗೆ ಅವನು ಯಾವ ಹೊತ್ತಲ್ಲಿ ಬಿದ್ದ ಅನ್ನೋದರ ಮೇಲೆ.

ಇದೇ ಕಾಯ್ದೆಯ 83ನೇ ಕಲಂ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸೋ ದೊಡ್ಡವರಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ದಂಡ. ಹುಡುಗ ಸಿಕ್ಕಾಗ, ಕಳಿಸಿದ್ದು ಯಾರು, ಕೊಂಡಿದ್ದು ಯಾರು ಅಂತ ಕೇಳಿದರೆ ತಾನೇ?

ಅಂಗಡಿ, ಗ್ಯಾರೇಜಲ್ಲಿ 14 ತುಂಬದ ಮಗು ದುಡೀತಿದ್ದರೆ 1098ಕ್ಕೆ ಫೋನ್ ಮಾಡಿ. ಕರೆ ಉಚಿತ.